ದಣಿದವರ ಕೊಠಡಿ

"ಎಷ್ಟು ದಿನದಿಂದ ಹೀಗೆ ದಣಿದಿದ್ದೀರಾ?"

ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಇದು. ಹೆಸರು ಕೇಳಲಿಲ್ಲ, ನಮಸ್ಕಾರ ಹೇಳಲಿಲ್ಲ. ಕೊಠಡಿಯ ಬಾಗಿಲಲ್ಲಿ ನಿಂತು, ತಲೆಯನ್ನು ಒಂದು ಕಡೆ ವಾಲಿಸಿ, ನನ್ನ ಕಣ್ಣ ಕೆಳಗಿನ ಕಪ್ಪನ್ನು ಮುಲಾಜಿಲ್ಲದೆ ನೋಡಿದ.

"ನಾನಲ್ಲ ಸ್ವಾಮಿ, ಕಬ್ಬಿಣ ದಣಿದಿರೋದು," ಎಂದೆ.

"ಅಂದ್ರೆ ನೀವು ಆಸ್ಪತ್ರೆಯಿಂದ ಬಂದ ಸಿಸ್ಟರ್ ಅಲ್ವಾ?"

"ನಾನು ಸೇತುವೆಗಳ ಮೇಲೆ ಪಿಎಚ್‌ಡಿ ಮಾಡ್ತಿರೋಳು. ನೀವು ಎಂಜಿನಿಯರಿಂಗ್‌ನವರಲ್ವಾ?"

"ನಾನು ನಿದ್ದೆಯವನು."

ಇಬ್ಬರೂ ಒಟ್ಟಿಗೆ ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿದೆವು. 'ಗೋಷ್ಠಿ: ದಣಿವು' ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ನಮ್ಮ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಮ್ಮೆ ಎಲ್ಲ ವಿಭಾಗದವರೂ ಸೇರಿ ತಮ್ಮ ಸಂಶೋಧನೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಬಸವನಹುಳುವಿನ ಚಿಪ್ಪಿನಿಂದ ಬಾಡಿಗೆ ಕಾನೂನಿನವರೆಗೆ, ಮಕ್ಕಳು ಸುಳ್ಳು ಹೇಳಲು ಕಲಿಯುವ ಬಗೆಯಿಂದ ನಕ್ಷತ್ರಗಳ ಧೂಳಿನವರೆಗೆ ಯಾವುದೂ ಬಾಕಿ ಉಳಿಯುವುದಿಲ್ಲ. ಆ ವರ್ಷ ಕಚೇರಿಯವರು ಗೋಷ್ಠಿಗಳನ್ನು ವಿಷಯವಾರು ವಿಂಗಡಿಸುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದರು. ಅದು ವಿಷಯ ಬಿಟ್ಟು ಪದ ಹಿಡಿದುಕೊಂಡಿತು. ಪಕ್ಕದ 'ಬೇರು' ಕೊಠಡಿಯಲ್ಲಿ ಹಲ್ಲಿನ ಡಾಕ್ಟರು, ಮರಗಳನ್ನು ಓದುವವರು, ಪದಗಳ ಮೂಲ ಹುಡುಕುವವರು ಮಿಕಿಮಿಕಿ ನೋಡುತ್ತ ಕೂತಿದ್ದರು.

ನಮ್ಮ ಕೊಠಡಿಗೆ ಸೇರಿದ್ದು ನಾಲ್ವರು. ದಣಿದ ಕಬ್ಬಿಣದ ನಾನು, ರಾತ್ರಿ ಪಾಳಿಯ ನರ್ಸುಗಳ ದಣಿವನ್ನು ಅಳೆಯುವ ಅವನು, ಒಂದೇ ಬೆಳೆ ಬೆಳೆದು ಸುಸ್ತಾದ ಹೊಲಗಳ ಬಗ್ಗೆ ಹೇಳಲು ಬಂದ ಮಣ್ಣು ಮೇಷ್ಟ್ರು, ಗಾಯಕರ ದಣಿದ ಗಂಟಲನ್ನು ಅಭ್ಯಾಸ ಮಾಡುವ ಸಂಗೀತದ ಮೇಡಂ. ಕೇಳುಗರೂ ನಾವೇ.

ನಾನು ಒಂದು ಪೇಪರ್ ಕ್ಲಿಪ್ ಹಿಡಿದು ಅತ್ತಿತ್ತ ಬಗ್ಗಿಸುತ್ತ ಮಾತು ಶುರು ಮಾಡಿದೆ. "ಇದನ್ನ ಎಷ್ಟೇ ಎಳೆದ್ರೂ ತುಂಡಾಗಲ್ಲ. ಆದ್ರೆ ಹೀಗೆ ಸ್ವಲ್ಪ ಸ್ವಲ್ಪ ಬಗ್ಗಿಸ್ತಾ ಇದ್ರೆ..." ಕ್ಲಿಪ್ಪು ಎರಡು ತುಂಡಾಯಿತು. "ಸೇತುವೇನೂ ಅಷ್ಟೆ. ಒಂದು ದೊಡ್ಡ ಭಾರಕ್ಕೆ ಮುರಿಯಲ್ಲ. ದಿನಾ ಹೋಗಿಬರೋ ಸಣ್ಣ ಭಾರಕ್ಕೆ ಒಳಗೇ ಬಿರುಕು ಬಿಡತ್ತೆ."

ಅವನು ಕೈ ಎತ್ತಿದ. "ರೆಸ್ಟ್ ಕೊಟ್ರೆ ವಾಸಿ ಆಗಲ್ವಾ?"

"ಇಲ್ಲ."

"ಒಂದು ಭಾನುವಾರನೂ?"

"ಎಷ್ಟು ಭಾನುವಾರ ಕೊಟ್ರೂ ಬಿದ್ದ ಬಿರುಕು ಮುಚ್ಚಲ್ಲ."

ಗಂಟಲು ಮೌನದಿಂದ ಸರಿಹೋಗುತ್ತದೆ ಎಂದರು ಸಂಗೀತದ ಮೇಡಂ. ಬೆಳೆ ಬದಲಿಸಿದರೆ ಮಣ್ಣು ಚೇತರಿಸಿಕೊಳ್ಳುತ್ತದೆ ಎಂದರು ಮೇಷ್ಟ್ರು. ಎರಡು ದಿನದ ಸರಿಯಾದ ನಿದ್ದೆ ಸಿಕ್ಕರೆ ಮನುಷ್ಯರು ಮತ್ತೆ ನಗುತ್ತಾರೆ ಎಂದ ಅವನು. ಕೊನೆಗೆ ಮೇಷ್ಟ್ರು ನನ್ನ ಕಡೆ ತಿರುಗಿ, "ಪಾಪ, ನಿಮ್ಮದೊಂದೇ ನೋಡಮ್ಮ ವಾಸಿಯಾಗದ ದಣಿವು," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಬೇಡದ ಜಾಗದಲ್ಲಿ ಚುಚ್ಚಿತು.

ಅಲ್ಲಿಂದ ಪ್ರತಿ ಬುಧವಾರ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜು ನಮ್ಮದಾಯಿತು. ಮೇಷ್ಟ್ರು ಅದಕ್ಕೆ 'ದಣಿದವರ ಸಂಘ' ಎಂದು ಹೆಸರಿಟ್ಟರು. ಮೇಡಂ ಮಾತು ಕಡಿಮೆ ಮಾಡಿ ಗಂಟಲು ಉಳಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಇಬ್ಬರ ಪಾಲಿನದೂ ಮಾತಾಡುತ್ತಿದ್ದರು. ಅವನು ಮಾತ್ರ ಟೀ ಕಪ್ಪಿನ ಅಂಚಿನ ಮೇಲಿಂದ ನನ್ನನ್ನು ನೋಡುತ್ತಿದ್ದ. ನಾನು ನೋಡಿದರೆ ತಕ್ಷಣ ಟೀಯೊಳಗೆ ಏನೋ ಬಿದ್ದವನಂತೆ ಕಣ್ಣು ಇಳಿಸುತ್ತಿದ್ದ.

ಒಂದು ಮಧ್ಯಾಹ್ನ ಅವನು ನನ್ನ ಲ್ಯಾಬಿಗೆ ಬಂದ. ಉಕ್ಕಿನ ಪಟ್ಟಿಯನ್ನು ಎಳೆದು ಬಿಡುವ, ಎಳೆದು ಬಿಡುವ ನನ್ನ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು, "ಇದರ ತಾಳ ಚೆನ್ನಾಗಿದೆ," ಎಂದ. ನಾನು ಅಳತೆ ಬರೆದುಕೊಂಡು ತಿರುಗುವಷ್ಟರಲ್ಲಿ ನಿದ್ದೆ ಹೋಗಿದ್ದ! ನಿದ್ದೆಯ ಪಂಡಿತನನ್ನು ಕೆಡವಿದ ಹೆಮ್ಮೆ ನನ್ನ ಯಂತ್ರಕ್ಕೆ. ಅವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ರೆಪ್ಪೆಗಳು ಇಷ್ಟು ಉದ್ದ ಎಂದು ನಾನು ಗಮನಿಸಿರಲಿಲ್ಲ. ಕನ್ನಡಕ ಬೀಳದಂತೆ ಮೆಲ್ಲಗೆ ತೆಗೆದಿಡಲು ಕೈಚಾಚಿದೆ.

"ಅಳತೆ ತಗೋತಿದ್ದೀರಾ?" ಎಂದ, ಕಣ್ಣು ತೆರೆಯದೆ.

"ಥೂ, ಎಚ್ಚರ ಇದ್ರಾ?" ನನ್ನ ಕಿವಿಯವರೆಗೂ ಬಿಸಿಯೇರಿತು.

ಕಣ್ಣು ತೆರೆದ. ಈ ಸಲ ಇಳಿಸಲಿಲ್ಲ. "ನನಗೆ ನೀವು ಇಷ್ಟ. ನಿಮಗೆ?"

ಯಂತ್ರ ಎಳೆಯುತ್ತಿತ್ತು, ಬಿಡುತ್ತಿತ್ತು. ಹೌದು ಎನ್ನಲು ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಹೊರಗೆ ಬಂದದ್ದು ಬೇರೆ.

"ಮುಂಚೆ ಒಬ್ರಿದ್ರು," ಎಂದೆ. "ಕೆಟ್ಟವರಲ್ಲ. ಜಗಳ ಆಡಲಿಲ್ಲ, ಮೋಸ ಮಾಡಲಿಲ್ಲ. ನಮ್ಮನೆಗೆ ಯಾವಾಗ ಬರ್ತೀರಾ ಅಂದ್ರೆ 'ನೋಡೋಣ'. ಮದುವೆ ಅಂದ್ರೆ 'ನೋಡೋಣ'. ಸಿನಿಮಾಕ್ಕೂ 'ನೋಡೋಣ'. ವರ್ಷಗಟ್ಟಲೆ ಅದೊಂದೇ ಮಾತು. ಒಂದಿನ ಯಾವ ಕಾರಣವೂ ಇಲ್ಲದೆ ನಾನು ಆ ಕ್ಲಿಪ್ಪಿನ ಹಾಗೆ ತುಂಡಾದೆ. ಅದು ಮುಚ್ಚಲ್ಲ. ಗೋಷ್ಠೀಲಿ ಹೇಳಿದ್ನಲ್ಲ."

ಅವನು ವಾದಿಸಲಿಲ್ಲ. ಕನ್ನಡಕ ಮೇಲಕ್ಕೆ ಸರಿಸಿಕೊಂಡು, "ಸರಿ," ಎಂದು ಎದ್ದು ಹೋದ. ಅಷ್ಟು ಬೇಗ ಒಪ್ಪಿಬಿಟ್ಟನಲ್ಲ ಎಂದು ನನಗೆ ಅಳು ಬಂತು.

ಆ ಬುಧವಾರ ಅವನು ಕ್ಯಾಂಟೀನಿಗೆ ಬರಲಿಲ್ಲ. ಮುಂದಿನ ಬುಧವಾರವೂ ಇಲ್ಲ. ಅವನ ಕುರ್ಚಿಯ ಮೇಲೆ ಮೇಷ್ಟ್ರು ತಮ್ಮ ಚೀಲ ಇಟ್ಟಾಗ ನನಗೆ ಸಿಟ್ಟೇ ಬಂತು. ಸಂಗೀತದ ಮೇಡಂ ಅಪರೂಪಕ್ಕೆ ಗಂಟಲು ಖರ್ಚು ಮಾಡಿ, "ಏನಾಯ್ತಮ್ಮ?" ಎಂದು ನನ್ನ ಕೈ ಹಿಡಿದರು.

ಉತ್ತರ ಕೊಟ್ಟವರು ಮೇಷ್ಟ್ರು. "ಆ ಹುಡುಗ ಎಂಜಿನಿಯರಿಂಗ್ ಲೈಬ್ರರೀಲಿ ಠಿಕಾಣಿ ಹೂಡಿದ್ದಾನೆ ಕಣಮ್ಮ. ನಿನ್ನೆ ನನ್ನ ಹಿಡ್ಕೊಂಡು ಗರ್ಡರ್ ಅಂದ್ರೆ ಏನು ಮೇಷ್ಟ್ರೇ ಅಂತಾನೆ. ನನಗೇನು ಗೊತ್ತು, ನಾನು ಮಣ್ಣಿನವನು!"

ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಲೈಬ್ರರಿಯ ಮೂಲೆಯ ಮೇಜಿನಲ್ಲಿ, ಇಟ್ಟಿಗೆಯಷ್ಟು ದಪ್ಪದ ಪುಸ್ತಕಗಳ ಹಿಂದೆ ಅವನು ಕೂತಿದ್ದ. ಅವನ ಕಣ್ಣ ಕೆಳಗೂ ಈಗ ಕಪ್ಪು ಕೂಡಿತ್ತು.

"ಎಷ್ಟು ದಿನದಿಂದ ಹೀಗೆ ದಣಿದಿದ್ದೀರಾ?" ಎಂದೆ.

ಗಾಬರಿಯಿಂದ ಎದ್ದು ನಿಂತ. ಆಮೇಲೆ ಪುಸ್ತಕವನ್ನು ನನ್ನತ್ತ ತಿರುಗಿಸಿದ. "ನೀವು ಗೋಷ್ಠೀಲಿ ಅರ್ಧ ಹೇಳಿದ್ರಿ. ಬಿರುಕು ಮುಚ್ಚಲ್ಲ, ಒಪ್ಪಿದೆ. ಆದ್ರೆ ಇಲ್ಲಿ ನೋಡಿ. ಬಿರುಕಿನ ತುದೀಲಿ ಒಂದು ಗುಂಡನೆಯ ರಂಧ್ರ ಕೊರೀತಾರಂತೆ. ಬಿರುಕು ಅಲ್ಲಿಗೆ ಬಂದು ನಿಲ್ಲತ್ತಂತೆ. ಸೇತುವೆ ಆಮೇಲೂ ಎಷ್ಟೋ ಕಾಲ ಕೆಲಸ ಮಾಡತ್ತಂತೆ. ಹೌದಾ?"

ಹೌದು. ನನ್ನ ಪ್ರಬಂಧದ ಐದನೇ ಅಧ್ಯಾಯವೇ ಅದು. ಎಷ್ಟು ಉಕ್ಕಿನ ಪಟ್ಟಿಗಳಿಗೆ ನಾನೇ ಆ ರಂಧ್ರ ಕೊರೆದಿದ್ದೆನೋ! ನನ್ನ ವಿಷಯಕ್ಕೆ ಬಂದಾಗ ಒಂದು ದಿನವೂ ಹೊಳೆದಿರಲಿಲ್ಲ.

"ನಿಮ್ಮ ಬಿರುಕು ಮುಚ್ಚೋಕೆ ನನ್ನ ಕೈಲಾಗಲ್ಲ," ಎಂದ. "ಆ ರಂಧ್ರದ ಕೆಲಸ ನನಗೆ ಕೊಡ್ತೀರಾ?"

ಹೀಗೆ ಪ್ರೀತಿ ಹೇಳಿಕೊಂಡ ಗಂಡಸು ಭೂಮಿಯ ಮೇಲೆ ಇನ್ನೊಬ್ಬ ಇರಲಾರ. ನನಗೆ ನಗು ಬಂತು, ನಗುವಿನ ಜೊತೆಗೆ ಕಣ್ಣೀರೂ ಬಂತು. ಲೈಬ್ರರಿಯವರು ಕೌಂಟರಿನಿಂದಲೇ ಶ್ ಎಂದರು.

"ಅದು ಸರಿಯಾಗಿ ತುದಿಗೇ ಬೀಳಬೇಕು," ಎಂದು ಪಿಸುಗುಟ್ಟಿದೆ. "ಸ್ವಲ್ಪ ಆಚೀಚೆ ಆದ್ರೂ ಬಿರುಕು ಮುಂದಕ್ಕೆ ಹೋಗತ್ತೆ."

"ತುದಿ ಎಲ್ಲಿದೆ ಅಂತ ನೀವೇ ತೋರಿಸಿ."

"ನನಗೆ ಯಾವತ್ತೂ 'ನೋಡೋಣ' ಅನ್ನಬೇಡಿ. ಬರಲ್ಲ ಅಂದ್ರೆ ಬರಲ್ಲ ಅನ್ನಿ, ತಡ್ಕೋತೀನಿ. ಆ ಮಾತು ಮಾತ್ರ ಬೇಡ."

"ಅಷ್ಟೇನಾ? ಹಾಗಾದ್ರೆ ನಿಮ್ಮನೆಗೆ ನಾಳೆ ಬರ್ತೀನಿ. ನಿಮ್ಮಮ್ಮ ಒಪ್ತಾರೋ ಇಲ್ವೋ, ನೋ..." ಎಂದವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ. "ನಾಳೆ ಬೇಡ. ಇವತ್ತೇ ಬಾ."

ಬನ್ನಿ ಎನ್ನಲು ಹೋಗಿ ಬಾ ಎಂದುಬಿಟ್ಟಿದ್ದೆ. ಅವನ ಮುಖ ನೋಡಿದ ಮೇಲೆ ತಿದ್ದಿಕೊಳ್ಳಲು ಮನಸ್ಸಾಗಲಿಲ್ಲ.

ಈಗ ಪ್ರಬಂಧ ಮುಗಿದಿದೆ. ಹಿಂದಿನ ವಾರ ಮೊದಲ ಪುಟಕ್ಕೆ ಕೃತಜ್ಞತೆ ಬರೆದೆ. ಗುರುಗಳಿಗೆ, ಅಮ್ಮನಿಗೆ, ಮಣ್ಣು ಮೇಷ್ಟ್ರಿಗೆ, ಸಂಗೀತದ ಮೇಡಂಗೆ. ಪದ ಹಿಡಿದು ವಿಷಯ ಬಿಟ್ಟ ಕಚೇರಿಯ ಕಂಪ್ಯೂಟರಿಗೂ ಮನಸಾರೆ ಒಂದು ಸಾಲು. ಇಷ್ಟು ಬಗೆಯ ಓದು ಒಂದೇ ಕಾಂಪೌಂಡಿನಲ್ಲಿ ಇರದಿದ್ದರೆ ಅದು ತಾನೇ ಯಾರನ್ನು ಯಾರ ಜೊತೆ ಸೇರಿಸಬೇಕಿತ್ತು? ಕೊನೆಯ ಸಾಲು ಅವನಿಗೆ.

ನನ್ನ ಗುರುಗಳು ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಕೆಂಪು ಪೆನ್ನು ತೆಗೆದರು.

"ಇದೇನಮ್ಮ ಇಲ್ಲಿ, 'ನನ್ನ ರಂಧ್ರಕ್ಕೆ ಋಣಿ' ಅಂತಿದೆ? ಟೈಪಿಂಗ್ ಮಿಸ್ಟೇಕಾ?"

"ಅಲ್ಲ ಸರ್," ಎಂದೆ. "ಹಾಗೇ ಇರ್ಲಿ."