ಸರಿಯಾಗಿ ಒಂದು ಇಂಚು

ನಾನು ಅವರನ್ನು ಮೊದಲ ಸಲ ಕರೆದದ್ದೇ ಬೈಯುವುದಕ್ಕೆ.

ಬೆಳಿಗ್ಗೆ ಎಂಟು ಗಂಟೆ. ಲಾರಿಯಿಂದ ಮರ ಇಳಿಸಿ ಆಗಿತ್ತು. ಕಂಬ, ತೊಲೆ, ಅಡ್ಡಪಟ್ಟಿ ಎಲ್ಲವನ್ನೂ ನಮ್ಮ ಶೆಡ್ಡಿನಲ್ಲೇ ಅಳತೆಗೆ ಕೊಯ್ದು, ಒಂದೊಂದಕ್ಕೂ ನಂಬರ್ ಬರೆದು ತಂದಿದ್ದೆ. ಪಾಯದ ಮೇಲೆ ಮೊದಲ ಮರ ಮಲಗಿಸಿ ಚೌಕಟ್ಟು ಎಬ್ಬಿಸುವುದಷ್ಟೇ ಬಾಕಿ. ಅಪ್ಪನ ನೆರಳಿಲ್ಲದೆ ನಾನೊಬ್ಬಳೇ ಕಟ್ಟಲಿರುವ ಮೊದಲ ಮರದ ಮನೆ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಹಳ ಗತ್ತಿನಿಂದ ರಸಮಟ್ಟ ತೆಗೆದು ಪಾಯದ ಮೇಲಿಟ್ಟೆ. ಗುಳ್ಳೆ ಮಧ್ಯಕ್ಕೆ ಬರಲಿಲ್ಲ. ತಿರುಗಿಸಿ ಇಟ್ಟೆ. ಊಹೂಂ. ದಾರ ಕಟ್ಟಿ ನೋಡಿದರೆ ಹಿಂದಿನ ಬಲಮೂಲೆ ಒಂದು ಇಂಚು ತಗ್ಗು.

ಒಂದು ಇಂಚು ಏನು ಮಹಾ ಅನ್ನಬೇಡಿ. ಕೆಳಗೆ ಒಂದು ಇಂಚು ವಾಲಿದರೆ ಮೇಲೆ ಬಾಗಿಲು ಮುಚ್ಚುವುದಿಲ್ಲ, ಕಿಟಕಿ ತೆರೆಯುವುದಿಲ್ಲ, ಬಡಗಿಯ ಮಾನ ಮಾತ್ರ ಸಲೀಸಾಗಿ ಹೋಗುತ್ತದೆ.

"ಈ ಪಾಯ ಹಾಕಿದ ಮಹಾನುಭಾವರು ಯಾರು?" ಅಂತ ಕೂಗಿದೆ.

ಮರಳಿನ ರಾಶಿಯ ಹಿಂದಿನಿಂದ ಒಬ್ಬರು ಎದ್ದು ನಿಂತರು. ಕೈಯಲ್ಲಿ ಟೀ ಲೋಟ, ಹುಬ್ಬಿನ ಮೇಲೆ ಸಿಮೆಂಟಿನ ಧೂಳು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು.

"ನಾನೇ," ಅಂದರು.

"ಕಣ್ಣು ಮುಚ್ಕೊಂಡು ಹಾಕಿದ್ರಾ?"

"ಇಲ್ಲ ಮೇಡಂ, ತೆರ್ಕೊಂಡೇ ಹಾಕಿದ್ದು. ಗೂಟದ ಮೇಲಿನ ಗೆರೆಗೆ ಸರಿಯಾಗಿ."

"ಆ ಗೆರೆ ಎಳೆದೋಳು ನಾನು. ನನ್ನ ಗೆರೇಲಿ ಏನೂ ತಪ್ಪಿಲ್ಲ."

ಅವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇರಬೇಕಿತ್ತು, ಇರಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ವಿಳಾಸ ಸಿಕ್ಕವರ ಹಾಗೆ ಕಣ್ಣರಳಿಸಿದರು.

"ಆ ಗೆರೆ ನಿಮ್ಮದಾ?" ಅಂದರು. "ಯಾರೋ ಅನುಭವಸ್ಥ ಅಜ್ಜ ಇರ್ಬೇಕು ಅಂದ್ಕೊಂಡಿದ್ದೆ."

"ಅಜ್ಜ!"

"ಅಷ್ಟು ಚೊಕ್ಕವಾಗಿತ್ತು ಅಂತ."

ಹೊಗಳಿದರೋ ಹಳಿದರೋ ಗೊತ್ತಾಗಲಿಲ್ಲ. ಅವರು ಮೂಲೆಗೆ ಹೋಗಿ ಮಂಡಿಯೂರಿ, ದಾರಕ್ಕೂ ಕಾಂಕ್ರೀಟಿಗೂ ನಡುವೆ ಅಳತೆಪಟ್ಟಿ ಇಟ್ಟರು. ಪಕ್ಕದಲ್ಲಿ ನಿಂತಿದ್ದ ಗೂಟಕ್ಕೂ ಅದನ್ನು ಹಿಡಿದು ನೋಡಿದರು. ನಂತರ ಸುಮಾರು ಹೊತ್ತು ಅಲ್ಲೇ ಕೂತರು. ಎದ್ದು ಬಂದಾಗ ಅವರ ಮುಖದಲ್ಲಿ ಏನೋ ತೀರ್ಮಾನವಾಗಿತ್ತು.

"ತಗ್ಗಿದೆ. ತಪ್ಪಾಯ್ತು. ಒಂದು ವಾರ ಕೊಡಿ, ಸರಿ ಮಾಡ್ಕೊಡ್ತೀನಿ."

ಮಧ್ಯಾಹ್ನ ಅಪ್ಪ ಬಂದರು. ನಲವತ್ತು ವರ್ಷ ಮರದ ಕೆಲಸ ಮಾಡಿದ ಮನುಷ್ಯ. ಪಾಯ ನೋಡಿದವರೇ ಕೆಲಸದವರೆಲ್ಲ ಕೇಳುವ ಹಾಗೆ ಪಾಯ ಹಾಕಿದ ಆ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡರು.

"ನನ್ನ ಮಗಳ ಮೊದಲ ಮನೆ ಇದು. ಇದನ್ನ ಸರಿ ಮಾಡಿ ಹೋಗ್ತಾ ಇರಿ. ನಾವು ಕಟ್ಟೋ ಯಾವ ಮನೆಗೂ ಇನ್ನು ನಿಮ್ಮ ಕೈಯಲ್ಲಿ ಪಾಯ ಹಾಕ್ಸಲ್ಲ."

ಮೇಸ್ತ್ರಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಪ್ಪ ನನ್ನ ಕಡೆ ತಿರುಗಿದರು.

"ನೀನು ಧೈರ್ಯವಾಗಿರು ಮಗಳೇ. ನೀನು ಮಾಡೋ ಕೆಲಸದಲ್ಲಿ ಒಂದು ತಪ್ಪಿಲ್ಲದೆ ಈ ಮನೆ ಎದ್ರೆ ಶೆಡ್ಡಿನ ಬೀಗದ ಕೈ ನಿನ್ನದು. ಇಲ್ಲಾಂದ್ರೆ ನಿನ್ನ ಚಿಕ್ಕಪ್ಪನ ಮಗ ಕಾಯ್ತಾ ಕೂತಿದಾನೆ."

ಆ ಬೀಗದ ಕೈಗಾಗಿ ನಾನು ಹನ್ನೊಂದು ವರ್ಷ ಮರದ ಹೊಟ್ಟು ಕುಡಿದಿದ್ದೆ. ಹಾಗಾಗಿ ಮೇಸ್ತ್ರಿ ಬೈಸಿಕೊಂಡಿದ್ದಕ್ಕೆ ನನಗೆ ಕನಿಕರ ಬರಲಿಲ್ಲ. ಬಂದಿದ್ದರೂ ಸ್ವಲ್ಪವೇ.

ಮರವನ್ನು ಬಯಲಲ್ಲಿ ಬಿಟ್ಟು ಮನೆಗೆ ಹೋಗುವಂತಿರಲಿಲ್ಲ. ಟಾರ್ಪಾಲು ಹೊದಿಸಿ ಕಾವಲು ಕೂತೆ. ಕೂತವಳು ಸುಮ್ಮನಿರಲಾರದೆ ಉಳಿ ಸುತ್ತಿಗೆ ಹಿಡಿದೆ.

"ಕಾಂಕ್ರೀಟು ಕೆತ್ತೋದು ಮರ ಕೆತ್ತಿದ ಹಾಗಲ್ಲ," ಅಂದರು ಮೇಸ್ತ್ರಿ. "ನಿಮ್ಮದು ನುಣುಪು ಮಾಡೋ ಕೆಲಸ. ಇಲ್ಲಿ ಒರಟು ಮಾಡ್ಬೇಕು. ನುಣ್ಣಗಿದ್ರೆ ಹೊಸದು ಹಳೇದನ್ನ ಹಿಡ್ಕೊಳ್ಳಲ್ಲ."

"ಒರಟು ಮಾಡೋದು ನನಗೆ ಚೆನ್ನಾಗಿ ಬರುತ್ತೆ."

"ಅದು ಮೊದಲ ದಿನಾನೇ ಗೊತ್ತಾಯ್ತು."

ನಾನು ದುರುಗುಟ್ಟಿ ನೋಡಿದೆ. ಅವರು ಪಾಯದ ಗೋಡೆಯ ಕಡೆ ಮುಖ ಮಾಡಿದ್ದರು, ಆದರೆ ಕಿವಿಯ ಹತ್ತಿರ ಕೆನ್ನೆ ಸ್ವಲ್ಪ ಉಬ್ಬಿತ್ತು. ನಗುವನ್ನು ಅಲ್ಲಿ ಬಚ್ಚಿಡುವ ಅಭ್ಯಾಸ ಅವರಿಗೆ. ಎರಡು ದಿನದಲ್ಲಿ ನನಗೆ ಆ ಜಾಗ ಬಾಯಿಪಾಠವಾಯಿತು.

ತಗ್ಗು ಮೂಲೆಯಿಂದ ಪಾಯದ ಎರಡೂ ಗೋಡೆಗಳ ಮೇಲೆ ಗ್ರೌಟು, ಅಂದರೆ ನೀರಾಗಿ ಕಲಸಿದ ಸಿಮೆಂಟು ಗಾರೆ, ಸುರಿದು ಮಟ್ಟ ಏರಿಸಬೇಕಿತ್ತು. ಮೂಲೆಯಲ್ಲಿ ಒಂದು ಇಂಚು, ಮುಂದೆ ಹೋಗುತ್ತಾ ಅರ್ಧ, ಕಾಲು, ಕೊನೆಗೆ ಏನೂ ಇಲ್ಲ. ಏನೂ ಇಲ್ಲದಲ್ಲಿಗೆ ಬಂದು ಮುಗಿಯುವ ತೆಳು ಅಂಚು ನಿಲ್ಲುವುದಿಲ್ಲ, ಚಿಪ್ಪೆದ್ದು ಹೋಗುತ್ತದೆ. ಅದಕ್ಕೆ ಅವರು ಮುಗಿಯುವ ಜಾಗದಲ್ಲಿ ಹಳೆಯ ಕಾಂಕ್ರೀಟನ್ನೇ ಕೆತ್ತಿ ಒಂದು ಸಣ್ಣ ಮೆಟ್ಟಿಲು ಮಾಡಿದರು, ಗ್ರೌಟಿಗೆ ದಪ್ಪ ಸಿಗಲಿ ಅಂತ. ಯಾರೂ ಎಂದೂ ನೋಡದ ಆ ಮೆಟ್ಟಿಲನ್ನು ಅರ್ಧ ದಿನ ಕೆತ್ತಿದರು. ಬೇರೆಯವರಾಗಿದ್ದರೆ ಒಂದು ಬಾಂಡ್ಲಿ ಸಿಮೆಂಟು ಬಳಿದು ಕೈ ತೊಳೆದುಕೊಳ್ಳುತ್ತಿದ್ದರು. ಇಷ್ಟು ಚೆನ್ನಾಗಿ ಕೆಲಸ ಮಾಡುವವರು ಒಂದು ಇಂಚು ಹೇಗೆ ತಪ್ಪಿದರು ಅನ್ನುವುದು ನನ್ನ ತಲೆಗೆ ಹತ್ತಲೇ ಇಲ್ಲ.

ಆ ಮನೆ ಕಟ್ಟಿಸುತ್ತಿದ್ದವರು, ಆಸ್ಪತ್ರೆಯ ನರ್ಸಕ್ಕ, ದಿನಾ ಸಂಜೆ ಡ್ಯೂಟಿ ಮುಗಿಸಿ ಬರುತ್ತಿದ್ದರು. ಮೂರನೆಯ ದಿನ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಒಂದು ಮೂಲೆ ಕೆತ್ತೋಕೆ ಇಬ್ಬರು ಬೇಕೇನಮ್ಮಾ?"

"ಬೇಗ ಆಗಲಿ ಅಂತ ನರ್ಸಕ್ಕ."

"ಹಂಗಾ! ಇಬ್ಬರು ಸೇರಿದ ಮೇಲೆ ಕೆಲಸ ನಿಧಾನ ಆಗಿರೋ ಹಂಗೆ ಕಾಣ್ತಿದೆ."

ಮೇಸ್ತ್ರಿ ಕೆಮ್ಮಿದರು. ನಾನು ಸುತ್ತಿಗೆಯಿಂದ ಉಳಿಯ ಬದಲು ಬೆರಳಿಗೆ ಹೊಡೆದುಕೊಂಡೆ. ನರ್ಸಕ್ಕ ಬ್ಯಾಗಿನಿಂದ ಪಟ್ಟಿ ತೆಗೆದು ನನಗೆ ಕೊಡದೆ ಮೇಸ್ತ್ರಿಯ ಕೈಗೆ ಕೊಟ್ಟು, ಗೇಟಿನ ಕಡೆ ನಡೆದೇ ಬಿಟ್ಟರು. ಮೇಸ್ತ್ರಿ ಪಟ್ಟಿ ಸುತ್ತುವಾಗ ನನ್ನ ಬೆರಳನ್ನು ಒದ್ದೆ ಗ್ರೌಟಿನಷ್ಟು ಹುಷಾರಾಗಿ ಹಿಡಿದಿದ್ದರು. ನೋಯುತ್ತಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ನೋಯುತ್ತಿತ್ತು, ಆದರೆ ಹಾಗಂದರೆ ಕೈ ಬಿಟ್ಟುಬಿಡುತ್ತಾರೇನೋ ಅನ್ನಿಸಿತು.

ನಾಲ್ಕನೆಯ ದಿನ ನೀರಿನ ಟ್ಯೂಬು ಹಿಡಿದೆವು. ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಪೈಪು, ಅಷ್ಟೇ. ಒಂದು ತುದಿ ಒಬ್ಬರ ಕೈಯಲ್ಲಿ, ಇನ್ನೊಂದು ಇನ್ನೊಬ್ಬರ ಕೈಯಲ್ಲಿ. ನಡುವೆ ಎಷ್ಟೇ ದೂರವಿದ್ದರೂ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಿಲ್ಲುವವರೆಗೆ ಇಬ್ಬರೂ ಅಲುಗಾಡಬಾರದು. ನಮ್ಮ ನಡುವೆ ಮರದ ರಾಶಿ, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ನೀರು ನಿಂತಿತಾ?" ಅವರ ದನಿ.

"ಇನ್ನೂ ಆಡ್ತಿದೆ. ನೀವು ಅಲುಗ್ತಿದೀರಿ."

"ನಾನಲ್ಲ, ನೀವು."

"ನಾನು ಕಲ್ಲಿನ ಹಾಗೆ ನಿಂತಿದೀನಿ."

"ಹಾಗಾದ್ರೆ ಉಸಿರು ಜೋರಾಗಿ ಬಿಡ್ತಿರ್ಬೇಕು."

ನಿಜ ಹೇಳಬೇಕೆಂದರೆ ಬಿಡುತ್ತಿದ್ದೆ. ಪೈಪಿನ ನೀರು ನನ್ನ ಕಡೆ ಒಂದು ಕೂದಲೆಳೆ ಏರಿತು, ಇಳಿಯಿತು, ನಿಂತಿತು. ಅವರ ಕಡೆಯೂ ಈಗ ಅಷ್ಟೇ ಎತ್ತರಕ್ಕೆ ನಿಂತಿರುತ್ತದೆ ಅಂದುಕೊಂಡರೆ ಎದೆಯೊಳಗೆ ಹಿತವಾಯಿತು. ಮೂವತ್ತೊಂದು ವರ್ಷಕ್ಕೆ ಇದೆಂಥಾ ಹುಚ್ಚು ಅಂತ ನನ್ನನ್ನೇ ಗದರಿಕೊಂಡು ಗೆರೆ ಎಳೆದೆ.

ಆ ಗೆರೆಯಿಂದ ಹದಿನಾಲ್ಕು ಇಂಚು ಮೇಲಕ್ಕೆ ಅಳೆದರೆ ಕಾಂಕ್ರೀಟಿನ ತಲೆ. ಗ್ರೌಟು ಸುರಿಯಲು ಕಟ್ಟುವ ಹಲಗೆಯ ಅಂಚು ಅಲ್ಲಿಗೆ ಬರಬೇಕು. ಸೊಂಟದಿಂದ ಟೇಪು ಎಳೆದೆ. ನನ್ನ ಟೇಪಿನ ತುದಿಯ ಕೊಕ್ಕೆ ಮುರಿದು ವರ್ಷವಾಗಿದೆ. ಅದಕ್ಕೆ ನಾನು ಸೊನ್ನೆಯಿಂದ ಅಳೆಯುವುದಿಲ್ಲ. ಒಂದು ಇಂಚಿನ ಗುರುತಿನಿಂದ ಶುರುಮಾಡಿ ಕೊನೆಗೆ ಒಂದು ಸೇರಿಸುತ್ತೇನೆ. ಹದಿನಾಲ್ಕು ಬೇಕಾದರೆ ಹದಿನೈದಕ್ಕೆ ಪೆನ್ಸಿಲ್ ಇಡುತ್ತೇನೆ. ನಮ್ಮ ಕೆಲಸದಲ್ಲಿ ಬಹಳ ಜನ ಹೀಗೆ ಮಾಡುತ್ತಾರೆ.

"ಒಂದು ಸೇರಿಸಿದ್ರಾ?" ಅಂದರು, ಬಂದು ಪಕ್ಕದಲ್ಲಿ ಕೂತ ಮೇಸ್ತ್ರಿ.

"ಸೇರಿಸಿದೆ."

ಹಲಗೆ ಕಟ್ಟಿದೆವು. ಎರಡನೆಯ ಹಲಗೆಗೆ ಅಳೆದೆ.

"ಒಂದು ಸೇರಿಸಿದ್ರಾ?"

"ಸೇರಿಸಿದೆ ಅಂದ್ನಲ್ಲ! ಎಷ್ಟು ಸಲ ಕೇಳ್ತೀರಿ? ನಾನೇನು ಇವತ್ತು..."

ಟೇಪಿನ ಮುರಿದ ತುದಿ ನೋಡಿದೆ. ಅವರು ನಾಲಿಗೆ ಕಚ್ಚಿಕೊಂಡರು.

ಒಂದು ಇಂಚು. ಮುಕ್ಕಾಲಲ್ಲ, ಒಂದೂಕಾಲಲ್ಲ, ಸರಿಯಾಗಿ ಒಂದು. ಕಾಂಕ್ರೀಟು ಹಾಕುವವರ ತಪ್ಪು ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಗೆರೆ ಎಳೆದ ದಿನ ನೆನಪಾಯಿತು. ಮೂರು ಗೂಟಕ್ಕೆ ಹದಿನೈದಕ್ಕೆ ಪೆನ್ಸಿಲ್ ಇಟ್ಟಿದ್ದೆ. ನಾಲ್ಕನೆಯದರ ಹೊತ್ತಿಗೆ ಮರದ ಲೆಕ್ಕ ಕೇಳಿ ಅಪ್ಪನ ಫೋನು ಬಂದಿತ್ತು. ಫೋನನ್ನು ಭುಜಕ್ಕೆ ಒತ್ತಿಕೊಂಡೇ, ಒಂದು ಸೇರಿಸದೆ, ಹದಿನಾಲ್ಕಕ್ಕೆ ಗೆರೆ ಎಳೆದುಬಿಟ್ಟಿದ್ದೆ.

ಎದ್ದು ಬಲಮೂಲೆಗೆ ಓಡಿದೆ. ಗೂಟ ಇರಲಿಲ್ಲ.

"ಗೂಟ ಎಲ್ಲಿ?"

"ಟೀ ಕಾಯಿಸೋಕೆ ಉರಿಸಿಬಿಟ್ಟೆ."

"ಮೂರು ಗೂಟ ಬಿಟ್ಟು ಅದೊಂದನ್ನೇ?"

"ಅದು ಚೆನ್ನಾಗಿ ಒಣಗಿತ್ತು."

ಬೇರೆ ಹೊತ್ತಿನಲ್ಲಾಗಿದ್ದರೆ ನಕ್ಕುಬಿಡುತ್ತಿದ್ದೆ. ಆಗ ಮಾತ್ರ ಮೈಯೆಲ್ಲಾ ಉರಿಯಿತು.

"ಮೊದಲ ದಿನಾನೇ ಗೊತ್ತಿತ್ತಲ್ವಾ ನಿಮಗೆ? ಅಪ್ಪ ಅಷ್ಟು ಜನರ ಮುಂದೆ ಬೈತಿದ್ರೂ ಬಾಯಿ ಬಿಡ್ಲಿಲ್ಲ ಯಾಕೆ?"

"ನಾನೂ ಒಂದು ಸಲ ಟ್ಯೂಬು ಹಿಡಿದು ನೋಡ್ಬೇಕಿತ್ತು. ಗೆರೆ ನಂಬಿದ್ದು ನನ್ನ ತಪ್ಪೇ."

"ಅದು ನಿಮ್ಮ ತಪ್ಪು, ಸರಿ. ನನ್ನದು ಎಲ್ಲಿ? ನನ್ನ ತಪ್ಪನ್ನ ನನಗೇ ಹೇಳದೆ ಇಟ್ಕೊಳ್ಳೋಕೆ ನೀವ್ಯಾರು?"

ಅವರು ಕೈಯ ಮಣ್ಣು ಒರೆಸಿಕೊಂಡರು. "ಸದ್ಯಕ್ಕೆ ಯಾರೂ ಅಲ್ಲ," ಅಂದರು ಮೆಲ್ಲಗೆ.

ಗ್ರೌಟು ಕಲಸಿ ಸುರಿಯುವವರೆಗೂ ನಾವು ಮಾತಾಡಲಿಲ್ಲ. ಅದು ಗಟ್ಟಿಯಾಗಲು ಬಿಟ್ಟ ಮೂರು ದಿನವೂ ಮಾತಾಡಲಿಲ್ಲ. ಅವರು ಹೊತ್ತು ಹೊತ್ತಿಗೆ ಬಂದು ಗ್ರೌಟಿನ ಮೇಲೆ ಹೊದಿಸಿದ ಗೋಣಿಚೀಲಕ್ಕೆ ನೀರು ಚಿಮುಕಿಸಿ ಹೋಗುತ್ತಿದ್ದರು. ಹೋಗುವಾಗ ಒಮ್ಮೆ ನಿಂತು ನೋಡುತ್ತಿದ್ದರು. ನಾನು ಟಾರ್ಪಾಲಿನ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಆ ಮೂರು ದಿನ ನನ್ನ ಮನಸ್ಸು ಎಷ್ಟು ಸಣ್ಣದಾಗಿತ್ತು ಅಂತ ಹೇಳಿಬಿಡುತ್ತೇನೆ. ಸುಮ್ಮನಿದ್ದರೆ ಬೀಗದ ಕೈ ನನ್ನದು. ಗೂಟವೂ ಬೂದಿಯಾಗಿದೆ, ಕೇಳುವವರಿಲ್ಲ. ಆದರೆ ಅವರು ತಲೆ ತಗ್ಗಿಸಿ ಹೊರಟುಹೋಗುತ್ತಾರೆ, ಅಪ್ಪ ಇನ್ನೆಂದೂ ಕರೆಸುವುದಿಲ್ಲ. ಬೀಗದ ಕೈ ಬೇಕಿತ್ತು. ಅವರೂ ಬೇಕಿತ್ತು. ಅವರು ಬೇಕು ಅನ್ನುವುದು ಅಷ್ಟು ಸ್ಪಷ್ಟವಾಗಿ ಗೊತ್ತಾಗಿದ್ದು ಆಗಲೇ, ಅವರ ಮೇಲೆ ಅಷ್ಟೊಂದು ಸಿಟ್ಟಿದ್ದಾಗಲೇ.

ಗ್ರೌಟು ಸುರಿದ ನಾಲ್ಕನೆಯ ಬೆಳಿಗ್ಗೆ ಅಪ್ಪ ತಮ್ಮದೇ ರಸಮಟ್ಟ ಹಿಡಿದು ಬಂದರು. ನಾಲ್ಕೂ ಗೋಡೆ ಸುತ್ತಿ ಬಂದರು. ಗುಳ್ಳೆ ಎಲ್ಲಿಟ್ಟರೂ ನಡುವೆ ನಿಂತಿತು. ಮೊದಲ ಮರ ಮಲಗಿಸಿದೆವು, ಕೆಳಗೆ ಬ್ಲೇಡು ತೂರುವಷ್ಟೂ ಸಂದು ಉಳಿಯಲಿಲ್ಲ. ಮೇಸ್ತ್ರಿ ತಮ್ಮ ಸಾಮಾನು ಚೀಲಕ್ಕೆ ತುಂಬುತ್ತಿದ್ದರು.

ಅಪ್ಪ ಜೇಬಿನಿಂದ ಬೀಗದ ಕೈ ತೆಗೆದರು. "ತಗೋ. ಇನ್ನು ಚೌಕಟ್ಟು ಏಳೋವರೆಗೂ ಕಾಯೋದೇನಿಲ್ಲ."

ಕೈ ಚಾಚಿದೆ. ಚಾಚಿದ ಕೈಯನ್ನು ಹಿಂದಕ್ಕೆ ತಗೊಂಡೆ.

"ಅಪ್ಪಾ, ಮೂಲೆ ತಗ್ಗಾಗಿದ್ದು ನನ್ನಿಂದ. ಒಂದು ಗೂಟಕ್ಕೆ ಇಂಚು ಸೇರಿಸೋದು ಮರೆತಿದ್ದೆ. ಮೇಸ್ತ್ರಿ ನನ್ನ ಗೆರೆ ನಂಬಿ ಹಾಕಿದ್ರು. ಮೊದಲ ದಿನಾನೇ ಗೊತ್ತಾದ್ರೂ ಬಾಯಿ ಬಿಡ್ಲಿಲ್ಲ."

ಕೆಲಸದವರು ಮರ ಹೊರುವುದನ್ನು ನಿಲ್ಲಿಸಿದರು. ಅಪ್ಪ ನನ್ನನ್ನು ನೋಡಿದರು, ಟೇಪು ನೋಡಿದರು. ಬೀಗದ ಕೈ ಮತ್ತೆ ಜೇಬಿಗೆ ಹೋಯಿತು.

"ಹೊಸ ಟೇಪು ತಗೋ," ಅಂದರು. "ಇನ್ನೊಂದು ಮನೆ ನನ್ನ ಕೈಕೆಳಗೆ ಕಟ್ಟು. ಆಮೇಲೆ ಕೇಳು."

"ಚಿಕ್ಕಪ್ಪನ ಮಗ?"

"ಅವನು ತಪ್ಪು ಮಾಡಿದ್ರೆ ಹೇಳ್ತಾನೇನೇ? ಕಾಯಲಿ ಬಿಡು."

ನನಗೆ ಅಳು ಬಂತು. ಹನ್ನೊಂದು ವರ್ಷದ ಮೇಲೆ ಇನ್ನೊಂದು ಮನೆ ಕಾಯಬೇಕು. ಆದರೆ ಎದೆ ಹಗುರವಾಗಿತ್ತು. ಅಪ್ಪ ಮೇಸ್ತ್ರಿಯ ಮುಂದೆ ಹೋಗಿ ನಿಂತರು.

"ಆಡಬಾರದ ಮಾತು ಆಡಿಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ. ಮುಂದಿನ ಪಾಯಾನೂ ನೀವೇ ಹಾಕಿ. ಆದ್ರೆ ಒಂದು ಹೇಳಿ, ಗೊತ್ತಿದ್ದೂ ಯಾಕೆ ಬೈಸ್ಕೊಂಡ್ರಿ?"

ಮೇಸ್ತ್ರಿ ಚೀಲದ ಹಗ್ಗ ಎಳೆದರು, ಬಿಟ್ಟರು, ಮತ್ತೆ ಎಳೆದರು.

"ನಿಮ್ಮ ಮಗಳು ಅಂದ್ರೆ ನನಗೆ ತುಂಬಾ ಇಷ್ಟ ಯಜಮಾನ್ರೇ."

ಅಪ್ಪ ಹುಬ್ಬೇರಿಸಿದರು. "ಅದನ್ನ ನನಗ್ಯಾಕೆ ಹೇಳ್ತೀರಿ? ಅವಳು ಅಲ್ಲಿದಾಳೆ," ಅಂದು, ಲಾರಿಯ ಹತ್ತಿರ ಇಲ್ಲದ ಕೆಲಸ ಹುಡುಕಿಕೊಂಡು ನಡೆದರು.

ನಾನು ಹತ್ತಿರ ಹೋದೆ. ಅವರ ಹುಬ್ಬಿನ ಮೇಲೆ ಇವತ್ತೂ ಧೂಳಿತ್ತು.

"ಇನ್ಮೇಲೆ ನನ್ನ ತಪ್ಪು ಮುಚ್ಚಿಟ್ರೆ ನೋಡಿ."

"ಇಡಲ್ಲ. ಕಂಡ ತಕ್ಷಣ ಹೇಳ್ತೀನಿ."

"ಬೇರೆಯವರಿಗಲ್ಲ. ನನಗೆ."

"ನಿಮಗೇ."

"ಅಷ್ಟೊಂದು ಇಷ್ಟ ಇದ್ರೆ ಮೊದಲೇ ಹೇಳ್ಬಾರದಿತ್ತಾ?"

"ನೀವು ಉಳಿ ಹಿಡ್ಕೊಂಡಿರ್ತಿದ್ರಿ."

ನಗು ತಡೆಯಲಾಗಲಿಲ್ಲ. ನಗುತ್ತಲೇ ಅವರ ಕೈ ಹಿಡಿದುಕೊಂಡೆ. ನನ್ನ ಕೈಯಷ್ಟೇ ಒರಟು. ನನಗೂ ಇಷ್ಟ ಅಂದೆ. ಸಿಟ್ಟು ಬಂದ ದಿನವೇ ಗೊತ್ತಾಯಿತು ಅಂದೆ. ಅವರು ಈ ಸಲ ನಗುವನ್ನು ಬಚ್ಚಿಡಲಿಲ್ಲ.

"ಕಂಡ ತಕ್ಷಣ ಹೇಳ್ತೀನಿ ಅಂದಿದ್ನಲ್ಲ," ಅಂದರು ಸ್ವಲ್ಪ ಹೊತ್ತಿನ ಮೇಲೆ. "ಒಂದು ಹೇಳ್ಲಾ?"

"ಹೇಳಿ."

"ಐದು ನಿಮಿಷದಿಂದ ಕೈ ಹಿಡ್ಕೊಂಡಿದೀರಿ. ಕೆಲಸದವರೆಲ್ಲ ಮರ ಹೊತ್ಕೊಂಡು ನಿಂತಿದಾರೆ. ನಿಮ್ಮಪ್ಪನೂ ನೋಡ್ತಿದಾರೆ."

"ನೋಡಲಿ ಬಿಡು," ಅಂದೆ. "ನೀನು ಸುಮ್ನೆ ನಿಂತ್ಕೋ."