ಡಾಕ್ಟರ್ ಬಾಯಾರಿಗೆ ಚಂದ್ರಿಯ ಹಾಲು

“ಏ ನೀಲಿ! ಆ ಹಾಲು ಒಲಿ ಮ್ಯಾಲ ಇಡಬ್ಯಾಡ!”

ಅಜ್ಜಿ ರಾಮವ್ವ ಅಂಗಳದಿಂದಲೇ ಕೂಗಿದಳು. ನೀಲಮ ಹಾಲಿನ ಚರಿಗೆ ಹಿಡಿದುಕೊಂಡು ಗ್ಯಾಸ್ ಒಲೆಯ ಮುಂದೆ ಹಾಗೇ ನಿಂತುಬಿಟ್ಟಳು. ಚಂದ್ರಿ ಎಂಬ ಆಡಿನ ಹಾಲನ್ನು ಹಿಂಡಿದ ಕೂಡಲೇ ಕಾಸುವುದು ಈ ಮನೆಯ ರೂಢಿ. ಇವತ್ತೇನಾಯಿತು?

“ಯಾಕ ಆಯಿ?”

“ಇದು ಎಡಿ ಹಾಲು. ಎಡಿ ಹಾಲಿಗೆ ಬೆಂಕಿ ತೋರಸ್ತಾರನ? ತಾ ಇಲ್ಲೆ.”

ಅಂಗಳದಲ್ಲಿ ಆಗಲೇ ಓಣಿಯ ಹೆಂಗಸರು, ಮಕ್ಕಳು ಬಂದು ಕೂತಿದ್ದರು. ಮಣೆಯ ಮೇಲೆ ಒಂದು ಫೋಟೋ. ಅದರಲ್ಲಿ ರಾಜೇಶ್ವರಿ ಡಾಕ್ಟರ್ ಆಡಿನ ಮರಿ ಎತ್ತಿಕೊಂಡು ನಗುತ್ತಿದ್ದರು. ನೀಲಮಳ ಅಜ್ಜ, ಮುತ್ಯಾ ವಿಠೋಬಾ, ಮೊಬೈಲಿನಲ್ಲಿದ್ದ ಚಿತ್ರವನ್ನು ಕಾಗವಾಡದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿಕೊಂಡು ಬಂದಿದ್ದ. ಡಾಕ್ಟರ್ ಹೋದ ತಿಂಗಳು ತೀರಿಕೊಂಡಿದ್ದರು. ತೀರಿಹೋದವರಿಗೆ ಊಟ, ಹಾಲು ಇಟ್ಟು ಎಡಿ ಹಿಡಿಯುವುದು ಮನೆಯವರಿಗೆ ಮಾತ್ರ. ಆದರೆ ಆಯಿ ಯಾರನ್ನೂ ಕೇಳದೆ ಡಾಕ್ಟರನ್ನು ಮನೆಯವರ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದಳು.

ಅವರು ಮಿರಜದ ದೊಡ್ಡ ಡಾಕ್ಟರು; ಊರವರ ಬಾಯಲ್ಲಿ ‘ಡಾಕ್ಟರ್ ಬಾಯಾರು’. ಒಬ್ಬರಿಂದ ಒಬ್ಬರಿಗೆ, ದನ-ಆಡುಗಳಿಂದ ಮನುಷ್ಯರಿಗೆ ಹಬ್ಬುವ ರೋಗಗಳ ಬಗ್ಗೆಯೇ ಓದಿದವರು. ಪ್ರತಿ ಗುರುವಾರ ಈ ಊರಿಗೆ, ಐನಾಪುರಕ್ಕೆ, ಬರುತ್ತಿದ್ದರು. ನೀಲಮ ಮೂರನೇ ಕ್ಲಾಸಿನಲ್ಲಿದ್ದಾಗ ಮುತ್ಯಾನಿಗೆ ಜ್ವರ ಹಿಡಿಯಿತು. ಬರುವುದು, ಬಿಡುವುದು, ಮತ್ತೆ ಬರುವುದು. ಅಂಥ ಗಟ್ಟಿ ಮನುಷ್ಯ ಹಾಸಿಗೆ ಹಿಡಿದು ಕಡ್ಡಿಯಂತಾದ. ರಾಜೇಶ್ವರಿ ಡಾಕ್ಟರ್ ರಕ್ತ ಟೆಸ್ಟ್ ಮಾಡಿಸಿದರು. ಅಷ್ಟಕ್ಕೇ ಬಿಡದೆ ಮನೆಗೂ ಬಂದು ಆಡುಗಳನ್ನು ನೋಡಿದರು.

“ಅಜ್ಜಾರ, ಹಾಲು ಕಾಸಿ ಕುಡೀತೀರೇನು?”

ಆ ಜ್ವರದಲ್ಲೂ ಮುತ್ಯಾ ನಕ್ಕಿದ್ದ. “ಕಾಸೂದಾ? ಕೆಚ್ಚಲಕ್ಕ ಬಾಯಿ ಹಚ್ಚಿ ಬೆಳದ ಮಂದಿರೀ ನಾವು!”

ಜ್ವರ ಬಂದದ್ದೇ ಆ ಹಸಿ ಹಾಲಿನಿಂದ! ತಿಂಗಳುಗಟ್ಟಲೆ ಗುಳಿಗೆ ನುಂಗಿ ಮುತ್ಯಾ ಹುಷಾರಾದ. ಆಮೇಲೂ ಡಾಕ್ಟರ್ ಬಂದಾಗೆಲ್ಲ ನೆಟ್ಟಗೆ ಅಡುಗೆಮನೆಗೆ ನುಗ್ಗಿ ಹಾಲಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಕೆನೆ ಕಟ್ಟಿದ್ದರೆ ಬೆನ್ನು ತಟ್ಟುತ್ತಿದ್ದರು, ಇಲ್ಲದಿದ್ದರೆ ಬೈಯುತ್ತಿದ್ದರು. ನೀಲಮಳಿಗೆ ಅವರ ಬೈಗುಳವೂ ಇಷ್ಟವಾಗುತ್ತಿತ್ತು.

ಅಂಥವರ ಎಡಿಗೆ ಹಸಿ ಹಾಲೇ?

ಮೊದಲೆಲ್ಲ ಈ ಮನೆಯವರು ವರ್ಷಕ್ಕೊಮ್ಮೆ ಬೀರದೇವರಿಗೆ ಹಸಿ ಹಾಲಿನ ಎಡಿ ಹಿಡಿದು, ಅದನ್ನೇ ಎಲ್ಲರಿಗೂ ಪ್ರಸಾದವೆಂದು ಹಂಚುತ್ತಿದ್ದರು. ಮೊದಲ ಲೋಟ ಮನೆಯ ಸಣ್ಣ ಮಗುವಿಗೆ. ಮುತ್ಯಾ ಜ್ವರದಿಂದ ಮಲಗಿದ ವರ್ಷದಿಂದ ಅದು ನಿಂತಿತ್ತು. ಇವತ್ತು ಆಯಿ ಮತ್ತೆ ಶುರು ಮಾಡಿದ್ದಳು.

ಫೋಟೋದ ಮುಂದೆ ಊದಿನಕಡ್ಡಿ ಬೆಳಗಿ, ಕಣ್ಣೊರೆಸಿಕೊಂಡು, ಆಯಿ ಲೋಟಕ್ಕೆ ಹಾಲು ಸುರಿದಳು.

“ಬಾರೋ ಭೀಮಸಿ.”

ನಾಲ್ಕು ವರ್ಷದ ಭೀಮಸಿ ಓಡಿಬಂದು ಅಕ್ಕನ ಪಕ್ಕದಲ್ಲೇ ಕೂತ. ಮುತ್ಯಾ ಹೊದ್ದುಕೊಂಡು ನಡುಗುತ್ತಿದ್ದದ್ದು ನೀಲಮಳ ಕಣ್ಣಿಗೆ ಕಟ್ಟಿದಂತಿತ್ತು.

“ಆಯಿ, ಅವಗ ಹಸಿ ಹಾಲು ಬ್ಯಾಡ.”

“ಸುಮ್ನಿರ ಬೇ. ಪ್ರಸಾದಕ್ಕ ಎಲ್ಲೀ ರೋಗ?”

“ಹುಡುಗಿ ಸಾಲಿ ಕಲ್ತು ಭಾಳ ಶಾಣ್ಯಾ ಆಗ್ಯಾಳ ನೋಡ್ರಿ,” ಎಂದು ಪಕ್ಕದ ಮನೆಯ ಅಕ್ಕವ್ವ ನಕ್ಕಳು. ಉಳಿದವರೂ ನಕ್ಕರು.

ಭೀಮಸಿ ಎರಡೂ ಕೈಯಿಂದ ಲೋಟ ಎತ್ತಿದ. ಇನ್ನೇನು ತುಟಿಗೆ ತಾಗಬೇಕು, ನೀಲಮ ಲೋಟವನ್ನು ಜೋರಾಗಿ ತಳ್ಳಿಬಿಟ್ಟಳು. ಅದು ಚರಿಗೆಗೆ ಬಡಿದು ಎರಡೂ ಉರುಳಿದವು. ಹಾಲು ಫೋಟೋದ ಮುಂದೆಲ್ಲ ಹರಿದಾಡಿತು. ಭೀಮಸಿ ಹೋ ಎಂದು ಅತ್ತ.

“ಎಡಿ ಕೆಡಿಸಿದೆಲ್ಲ, ಖೋಡಿ!” ಆಯಿ ಕೈ ಎತ್ತಿದಳು.

ನೀಲಮ ಓಡಲಿಲ್ಲ. ಕೇಳಿಯೇಬಿಟ್ಟಳು. “ಹೊಡೀ ಆಯಿ. ಆದ್ರ ಡಾಕ್ಟರ್ ಬಾಯಾರು ಇಲ್ಲಿ ಕುಂತಿದ್ರ ಭೀಮಸಿಗೆ ಇದನ್ನ ಕುಡ್ಯಾಕ ಬಿಡ್ತಿದ್ರನ?”

ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

ಕಂಬಕ್ಕೆ ಒರಗಿ ಕೂತಿದ್ದ ಮುತ್ಯಾ ಎದ್ದ. ಬಿದ್ದ ಚರಿಗೆ ತೊಳೆದುಕೊಂಡು ಆಡುಗಳ ಹತ್ತಿರ ಹೋಗಿ, ಚಂದ್ರಿಯನ್ನು ರಮಿಸಿ ಇನ್ನಷ್ಟು ಹಾಲು ಹಿಂಡಿ ತಂದ. ಅದನ್ನು ಆಯಿಯ ಕೈಗೆ ಕೊಟ್ಟ.

“ಕಾಸು.”

“ಎಡಿ ಹಾಲ ಅದು...”

“ಸತ್ತವರಿಗೆ ಅವ್ರ ಮನಸಿಗೆ ಬಂದದ್ದು ಇಡಬೇಕಲ್ಲ? ಈ ಡಾಕ್ಟರ್ ಬಾಯಾರ ಮನಸಿಗೆ ಯಾವ ಹಾಲು ಬರತಿತ್ತು, ನೀನ ಹೇಳು.”

ಆಯಿ ಚರಿಗೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ನೀಲಮ ಹಿಂದಿನಿಂದ ಹೋಗಿ ಬಾಗಿಲಲ್ಲಿ ನಿಂತಳು. ಈಗ ಬೈಗುಳ ಬರುತ್ತದೆ ಎಂದುಕೊಂಡಿದ್ದಳು. ಆಯಿ ಬೈಯಲಿಲ್ಲ. ಒಲೆ ಹಚ್ಚಿ, ಹಾಲನ್ನೇ ನೋಡುತ್ತ ಮೆಲ್ಲಗೆ ಅಂದಳು:

“ನಿಮ್ಮ ಮುತ್ಯಾನ ಉಳಿಸಿ ಕೊಟ್ಟಾಕಿ ಅಕಿ. ಬೀರದೇವರಿಗೆ ಕೊಡೂ ಹಾಲು ಬಿಟ್ಟು, ಅಕಿಗೆ ದಿನಾ ನಾವು ಕುಡಿಯೂ ಹಾಲು ಹೆಂಗ ಕೊಡ್ಲಿ ನೀಲಿ?”

ನೀಲಮಳಿಗೆ ಒಮ್ಮೆಲೇ ನಾಚಿಕೆಯೂ ಆಯಿತು, ಆಯಿಯ ಮೇಲೆ ಅಕ್ಕರೆಯೂ ಉಕ್ಕಿತು. ಡಾಕ್ಟರ್ ಹೇಳಿದ್ದನ್ನು ಆಯಿ ಮರೆತೇಬಿಟ್ಟಿದ್ದಾಳೆ ಎಂದು ಅವಳು ಸಿಟ್ಟಾಗಿದ್ದಳು. ಆಯಿ ಯಾವ ಮಾತನ್ನೂ ಮರೆತಿರಲಿಲ್ಲ. ತನ್ನ ಹತ್ತಿರ ಇದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೊಡಲು ಹೋಗಿದ್ದಳು, ಅಷ್ಟೇ.

ನೀಲಮ ಒಳಗೆ ಹೋಗಿ ಆಯಿಯ ಸೊಂಟಕ್ಕೆ ಆತುಕೊಂಡು ನಿಂತಳು. ಆಯಿ ಅವಳ ತಲೆಯ ಮೇಲೆ ಕೈ ಇಟ್ಟಳು. ಹಾಲು ನೊರೆಯೆದ್ದು ಪಾತ್ರೆಯ ಅಂಚಿಗೆ ಬರುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.