ಮೊದಲ ಫ್ರೇಮು ಮನೆಯವರದು

"ಮೂರನೇ ಸಲ ಹೇಳತೀನಿ ಸ್ವಪ್ನಿಲ್, ಆ ಲೆನ್ಸ್ ಬ್ಯಾಡ. ಅದಕ್ಕ ಮಾಟ ಮಾಡಿಸ್ಯಾರ. ಅದರಾಗ ಸಿಕ್ಕವರ ಕಣ್ಣು ಹೋಗತಾವ."

ಮಧುಕರ ಸರ್ ಹೀಗೆ ಹೇಳಿದಾಗ ಸ್ವಪ್ನಿಲ್ ನಕ್ಕುಬಿಟ್ಟ. ಯೆರವಡಾದ ಆ ಹಳೆಯ ಸ್ಟುಡಿಯೋದಲ್ಲಿ ಅವನು ಕ್ಯಾಮೆರಾ ಹಿಡಿಯಲು ಕಲಿತು ಎಂಟು ವರ್ಷವಾಗಿತ್ತು. ಮದುವೆಗಳ ಡಿಜಿಟಲ್ ಫೋಟೋ ತೆಗೆದು ತೆಗೆದು ಬೇಸತ್ತು, ಈಗ ಗುರುಗಳ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾವನ್ನೇ ಕೇಳಿ ಪಡೆಯಲು ಬಂದಿದ್ದ. ದೊಡ್ಡ ಚೌಕ ನೆಗೆಟಿವಿನ ಫಿಲ್ಮ್ ಕ್ಯಾಮೆರಾ ಅದು. ಮೇಜಿನ ಮೇಲೆ ಎರಡು ಲೆನ್ಸುಗಳಿದ್ದವು. ಎಂಬತ್ತು ಮಿಲಿಮೀಟರಿನದು ಎಲ್ಲದಕ್ಕೂ ಆಗುವಂಥದ್ದು, ನೂರೈವತ್ತರದು ಮುಖಗಳಿಗೆಂದೇ ಇರುವುದು. ಅವನಿಗೆ ಮುಖಗಳೇ ಬೇಕಿದ್ದವು.

ನೂರೈವತ್ತನ್ನು ಕಿಟಕಿಯ ಬೆಳಕಿಗೆ ಹಿಡಿದ. ಗಾಜಿನ ಆಳದಲ್ಲಿ ಬೂದು ಬಣ್ಣದ ಎಳೆಯೊಂದು ಸುರುಳಿಯಾಗಿ ಮಲಗಿತ್ತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು.

"ಇದು ಬೂಷ್ಟು ರೀ ಸರ್. ಮಳಿಗಾಲದಾಗ ಪೆಟ್ಟಿಗ್ಯಾಗ ಇಟ್ರ ಬರತದ. ಮಾಟ ಅಂತ, ಮಾಟ."

ಬಾಗಿಲಲ್ಲಿ ಸರ್ ಮಗಳು ಮಾಯಾ ಗೋಡೆ ತಡವುತ್ತ ಬಂದು ನಿಂತಳು. ಮೂರು ತಿಂಗಳ ಹಿಂದೆ ಅವಳ ದೃಷ್ಟಿ ಇದ್ದಕ್ಕಿದ್ದಂತೆ ಹೋಗಿತ್ತು, ಯಾವ ಡಾಕ್ಟರಿಗೂ ಕಾರಣ ಸಿಕ್ಕಿರಲಿಲ್ಲ. ಪಾಪ, ಮಗಳ ಸಂಕಟಕ್ಕೆ ಇವರ ತಲೆ ಕೆಟ್ಟಿದೆ ಎಂದುಕೊಂಡ ಸ್ವಪ್ನಿಲ್. ಓದಿದವನ ಜಾಣತನ, ಕೇಳಬೇಕೆ!

"ನಾ ಒತ್ತಾಯ ಮಾಡಿಲ್ಲ. ನೀನ ಆರಿಸಿದಿ, ಹೌದಿಲ್ಲೊ?" ಸರ್ ಕೇಳಿದರು.

"ಹೌದ್ರಿ. ನಾನ ಆರಿಸೀನಿ."

ಅವರು ಕ್ಯಾಮೆರಾದ ಜೊತೆಗೆ ಲೆನ್ಸನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಟ್ಟರು. ಮುಖ ಎತ್ತಿ ಅವನನ್ನು ನೋಡಲಿಲ್ಲ.

ವಿಮಾನ ನಗರದ ಬಾಡಿಗೆ ಮನೆಯ ಗ್ಯಾಲರಿಯಲ್ಲಿ ಹೆಂಡತಿ ಶೈಲಾ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಹೊಸ ಲೆನ್ಸಿನ ಬೋಣಿ ಮನೆಯವರ ಮುಖದಿಂದಲೇ ಆಗಬೇಕೆಂದು ಸರ್ ಅವನಿಗೆ ಮೊದಲ ದಿನವೇ ಕಲಿಸಿದ್ದರು. ದೇವರಿಗೆ ಕೈಮುಗಿಯದ ಸ್ವಪ್ನಿಲ್ ಈ ಪದ್ಧತಿಯನ್ನು ಮಾತ್ರ ಒಮ್ಮೆಯೂ ಮುರಿದಿರಲಿಲ್ಲ. ಸರ್ ಹೇಳಿದ ಮಾತನ್ನು ಅವಳಿಗೆ ಹೇಳಲೇ ಎಂದು ಒಂದು ಕ್ಷಣ ಯೋಚಿಸಿದ. ಹೇಳಿದರೆ ಎದ್ದುಹೋಗುತ್ತಾಳೆ, ಬೆಳಕು ಬೇರೆ ಚೆನ್ನಾಗಿದೆ. ಸುಮ್ಮನಾದ.

"ಈಕಡೆ ನೋಡು."

ಅವಳು ನಕ್ಕು ನೋಡಿದಳು. ಒಂದರ ಹಿಂದೊಂದು ಹನ್ನೆರಡು ಫ್ರೇಮು ಮುಗಿದವು.

ಮರುದಿನ ಮಧ್ಯಾಹ್ನ ಬಚ್ಚಲುಮನೆಯ ಕಿಂಡಿಗೆ ಕಪ್ಪು ಬಟ್ಟೆ ಕಟ್ಟಿ ಫಿಲ್ಮ್ ತೊಳೆದ. ರಾಸಾಯನಿಕದ ಹುಳಿ ನಾತವನ್ನೂ ಮೀರಿ ಸುಟ್ಟ ಕೂದಲು ನಾರತೊಡಗಿತು. ದೀಪ ಹಾಕಿ ಫಿಲ್ಮನ್ನು ಎತ್ತಿ ಹಿಡಿದ. ಹನ್ನೆರಡೂ ಚೌಕಗಳಲ್ಲಿ ಶೈಲಾಳ ಮುಖವಿತ್ತು. ಕಣ್ಣುಗಳಿರಲಿಲ್ಲ. ಆ ಜಾಗದಲ್ಲಿ ಬೂದು ಎಳೆಯೊಂದು ಸುತ್ತಿಕೊಂಡಿತ್ತು.

ಅಡುಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದಾಯಿತು.

"ರೀ, ಲೈಟ್ ಹೋದ್ವೇನ್ರಿ?"

ಆಗ ಗಂಟೆ ಒಂದು. ಹೊರಗೆ ಬಿಸಿಲು ಧಗಧಗ ಸುಡುತ್ತಿತ್ತು.

ಅವಳನ್ನು ಮಂಚದ ಮೇಲೆ ಕೂರಿಸಿ ಸ್ಕೂಟರ್ ಹತ್ತಿ ಯೆರವಡಾಕ್ಕೆ ಓಡಿದ. ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ಮಾಯಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆಯೆತ್ತಿ ನೇರ ಅವನನ್ನೇ ನೋಡಿದಳು.

"ಬರ್ರಿ ಅಣ್ಣಾ. ನಿಮ್ಮ ಮುಖ ನೋಡಿ ಭಾಳ ದಿನ ಆತು."

ಅವನು ಅವಳನ್ನು ದಾಟಿ ಒಳಗೆ ನುಗ್ಗಿದ. ಒಳಗೆ ಸರ್ ಗೋಡೆಗೆ ಮುಖ ಮಾಡಿ ಕೂತಿದ್ದರು.

"ನಾ ಹೇಳೇ ಕೊಟ್ಟೀನಿ, ಸ್ವಪ್ನಿಲ್."

"ನನ್ನ ಉಳಸಾಕ ಹೇಳಿದ್ರೇನು?"

"ಹೇಳದ ಕೊಟ್ರ ಮಾಟ ಮುಂದಿನವರಿಗೆ ದಾಟೂದಿಲ್ಲ, ಮಾಯಾನ ಕಣ್ಣು ಬರೂದಿಲ್ಲ. ತಗೊಳ್ಳಾಂವ ಕೇಳಿ, ನಕ್ಕು, ತಾನ ಆರಿಸಬೇಕು."

"ಮತ್ತ ಶೈಲಾ? ಮದಲ ಆಕಿಂದ ತಗೀತೀನಿ ಅನ್ನೂದು ನಿಮಗ…"

"ಗೊತ್ತಿತ್ತು. ಆ ಪದ್ಧತಿ ನಾನ ಕಲಿಸಿದ್ದು."

ಎಂಟು ವರ್ಷ ತಂದೆಯೆಂದು ತಿಳಿದು ಕಾಲು ಮುಟ್ಟಿದ್ದ. ಆ ಮನುಷ್ಯ ಲೆಕ್ಕ ಹಾಕಿ, ಕುತ್ತಿಗೆ ನೋಡಿ ಕೊಯ್ದಿದ್ದ. ಸ್ವಪ್ನಿಲ್‌ಗೆ ಹೊಡೆಯಬೇಕೆನ್ನಿಸಿತು, ಅಳು ಬಂತು.

"ಬ್ಯಾರೆ ದಾರಿ ಇಲ್ಲೇನ್ರಿ?"

ಸರ್ ಗೋಡೆ ನೋಡುತ್ತಲೇ ಹೇಳಿದರು. "ತಗದಾಂವ ತಾನ ಅದರ ಮುಂದ ನಿಂತ್ರ ಆಕಿ ಕಣ್ಣು ತಿರುಗಿ ಬರತಾವ. ಅವನವು ಹೋಗತಾವ."

"ನೀವ್ಯಾಕ ನಿಲ್ಲಲಿಲ್ಲ?"

"ಕಣ್ಣಿಲ್ಲದ ನಾ ಏನ್ ಮಾಡಲೆಪಾ?"

ಸ್ವಪ್ನಿಲ್ ಸ್ಕೂಟರ್ ತಿರುಗಿಸಿದ. ಮನೆಗೆ ಬಂದ. ಹೊಸ ರೋಲ್ ಹಾಕಿದ. ಗ್ಯಾಲರಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದ. ಟೈಮರ್ ಎಳೆದ. ಕಿರ್ರ್ ಎಂದು ಓಡತೊಡಗಿತು. ಎದುರಿಗೆ ಹೋಗಿ ನಿಂತ. ಗಾಜಿನೊಳಗೆ ಎಳೆ ಅಲುಗಿತು. ಸುರುಳಿ ಬಿಚ್ಚಿತು. ಸುಟ್ಟ ಕೂದಲು, ಗಂಟಲತುಂಬ ಹೊಗೆ. ಓಡಬೇಕೆನ್ನಿಸಿತು. ಓಡಲಿಲ್ಲ. ಖಟ್.

ಬಿಸಿಲು ಮೈಮೇಲೆ ಹಾಗೇ ಇತ್ತು. ಕಾಣುತ್ತಿರಲಿಲ್ಲ.

"ಕಾಣಾಕತ್ತದ್ರಿ," ಒಳಗಿನಿಂದ ಶೈಲಾ ಅಂದಳು. "ನನಗ ಕಾಣಾಕತ್ತದ."

ಅವನು ನೆಲದ ಮೇಲೆ ಕುಸಿದು ಎಲ್ಲವನ್ನೂ ಹೇಳಿದ, ಮಾಟ, ಮಾಯಾ, ಸರ್ ಮಾಡಿದ ದ್ರೋಹ. ಹೇಳುತ್ತ ಹೇಳುತ್ತ ಬಿಕ್ಕಿದ. ಅವಳು ಪಕ್ಕದಲ್ಲಿ ಕೂತು ಪೂರ್ತಿ ಕೇಳಿದಳು.

"ನಿಮಗಾದ್ರ ಹೇಳಿ ಕೊಟ್ರು," ಅಂದಳು ಕೊನೆಗೆ. "ನೀವು ನನಗ ಏನೂ ಹೇಳದ ಅದರ ಮುಂದ ಕೂಡಿಸಿದ್ರಿ."

ಅವನು ಅವಳ ಕೈಗಾಗಿ ತಡವಿದ. ಅವಳು ನೀರು ತಂದು ಅವನ ಕೈಯಲ್ಲಿಟ್ಟಳು, ಸಂಜೆಯಿಂದ ಪಕ್ಕದ ಮನೆಯ ಕಾಕು ಬಂದು ನೋಡಿಕೊಳ್ಳುತ್ತಾರೆಂದಳು. ಕಪಾಟಿನ ಬಾಗಿಲು ತೆಗೆದ ಸದ್ದು, ಬಟ್ಟೆ ಮಡಚಿದ ಸದ್ದು ಕೇಳಿಸಿತು. ಆಮೇಲೆ ಗೋಕಾಕದ ಅಣ್ಣನಿಗೆ ಫೋನ್ ಹಚ್ಚಿದಳು.

"ಕಾತ್ರಜದಿಂದ ಗೋಕಾಕಕ್ಕ ಸಂಜಿ ಬಸ್ಸಿಗೆ ನೋಡು ಅಣ್ಣಾ. ಇಲ್ಲ, ಅವರು ಬರೂದಿಲ್ಲ. ಒಂದ ಸೀಟು."